ಹಿತ್ತಿಲ ಬಾಗಿಲು ತೆರೆದೇ ಇದೆ

ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಈಗ ಸೈತಾನನಿಗೆ ಪುರುಸೊತ್ತೇ ಇಲ್ಲ. ಮಗ ಪಿಯುಸಿಯಲ್ಲಿ ಫೇಲಾದರೆ ಅವನದೇ ಕೆಲಸ, ಮಗಳಿಗೆ ಸಂಬಂಧ ಕೂಡಿಬರದಿದ್ದರೆ ಅವನದೇ ಕಟ್ಟು. ಬೋರ್‌ವೆಲ್ ಒಣಗಿದರೂ, ಸ್ಕೂಟರ್ ಜಾರಿ ಕಾಲು ಮುರಿದರೂ, ಗಂಡ ಕುಡಿದು ಬಂದರೂ, ಬಾಣಂತಿ ಸೊಸೆ ಮಾತು ಬಿಟ್ಟು ಮೂಲೆ ಸೇರಿದರೂ ವಿವರಣೆ ಒಂದೇ: ಶತ್ರುವಿನ ದಾಳಿ. ವಿವರಣೆ ಒಂದೇ ಆದಮೇಲೆ ಮದ್ದೂ ಒಂದೇ. ಬಿಡುಗಡೆ ಪ್ರಾರ್ಥನೆ, ಉಪವಾಸ ಕೂಟ, ಅಭಿಷೇಕದ ಎಣ್ಣೆ, ಮೈಕಿನಲ್ಲಿ ಗಂಟಲು ಹರಿಯುವ ಗದರಿಕೆ. ಬೆಂಗಳೂರಿನ ಹೊರವಲಯದ ಶೀಟು ಹೊದಿಸಿದ ಸಭೆಯಿಂದ ಬೀದರಿನ ಹಳ್ಳಿಯ ಮನೆಕೂಟದವರೆಗೆ, ಕರಾವಳಿಯ ಕಥೋಲಿಕ ಧ್ಯಾನಕೂಟಗಳಲ್ಲೂ ಒಂದಿಷ್ಟು, ಈ ಮಾತು ಹೇಗೆ ಬೇರುಬಿಟ್ಟಿದೆಯೆಂದರೆ ಪ್ರಶ್ನಿಸಿದವನೇ ಶತ್ರುವಿನ ಏಜೆಂಟ್ ಅನ್ನಿಸಿಕೊಳ್ಳುತ್ತಾನೆ. ಆ ಬಿರುದು ನನಗೂ ಬರಲಿ. ವಿಶ್ವಾಸ ಕಾಯುವ ಹೆಸರಿನಲ್ಲಿ ನಡೆಯುತ್ತಿರುವ ಈ ಯುದ್ಧ ವಿಶ್ವಾಸವನ್ನು ಕಾಯುತ್ತಿಲ್ಲ. ಮುಂಬಾಗಿಲಿಗೆ ಮೂರು ಬೀಗ ಜಡಿದು, ಹಿತ್ತಿಲ ಬಾಗಿಲು ತೆರೆದಿಟ್ಟು ಮಲಗಿದ್ದೇವೆ.

ಸೈತಾನನೇ ಇಲ್ಲ, ಅದೆಲ್ಲ ಹಳೇ ಕಾಲದವರ ಅಜ್ಞಾನ ಎನ್ನುವವರ ಗುಂಪು ನನ್ನದಲ್ಲ. ಯೇಸುಸ್ವಾಮಿ ದೆವ್ವ ಬಿಡಿಸಿದ ಪ್ರಸಂಗಗಳನ್ನು ಕತ್ತರಿಸಿ ತೆಗೆದರೆ ಮಾರ್ಕನ ಸುವಾರ್ತೆಯ ಮೊದಲರ್ಧ ತೂತುಬೀಳುತ್ತದೆ. ಶತ್ರು ಇದ್ದಾನೆ, ಶೋಧನೆ ನಿಜ, ವಿಶ್ವಾಸಿ ಎಚ್ಚರವಾಗಿರಬೇಕು. ಇಷ್ಟರಲ್ಲಿ ಈ ಕೂಟಗಳ ಪಾಸ್ಟರುಗಳಿಗೂ ನನಗೂ ಜಗಳವಿಲ್ಲ. ಜಗಳವಿರುವುದು ಅವನು ಯಾವ ದಾರಿಯಲ್ಲಿ ಬರುತ್ತಾನೆಂಬ ವಿಷಯದಲ್ಲಿ.

ಬೈಬಲ್ಲಿನಲ್ಲಿ ಶೋಧನೆಯ ಅತ್ಯಂತ ವಿವರವಾದ ವೃತ್ತಾಂತ ಯಾವುದೆಂದರೆ ಸಂಡೇಸ್ಕೂಲಿನ ಮಗುವೂ ಹೇಳುತ್ತದೆ. ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸುವಿನ ಬಳಿಗೆ ಸೈತಾನ ಬಂದದ್ದು, ಮತ್ತಾಯ 4, ಲೂಕ 4. ಅಲ್ಲಿ ಅವನು ರೋಗ ತರಲಿಲ್ಲ, ಸಾಲ ಹೊರಿಸಲಿಲ್ಲ, ಯಾರ ಮೈಮೇಲೂ ಬರಲಿಲ್ಲ. ಕೊಡುಗೆ ಹೊತ್ತು ಬಂದ. ಕಲ್ಲನ್ನು ರೊಟ್ಟಿ ಮಾಡಿಕೋ ಎಂದ. ದೇವಾಲಯದ ಶಿಖರದಿಂದ ಧುಮುಕು, ದೇವದೂತರು ಹಿಡಿಯುತ್ತಾರೆ ಎಂದ. ಲೋಕದ ರಾಜ್ಯಗಳನ್ನೆಲ್ಲ ತೋರಿಸಿ, ನನಗೆ ಅಡ್ಡಬಿದ್ದರೆ ಇದೆಲ್ಲ ನಿನ್ನದೇ ಎಂದ. ಹೊಟ್ಟೆ, ಪವಾಡ, ಅಧಿಕಾರ. ಈ ಮೂರನ್ನೂ ನೆನಪಿಟ್ಟುಕೊಂಡು ನಮ್ಮ ಯಾವುದೇ ದೊಡ್ಡ ಕೂಟದ ಫ್ಲೆಕ್ಸಿನ ಮುಂದೆ ನಿಂತು ನೋಡಿ: ಆರ್ಥಿಕ ಬಿಡುಗಡೆ, ಅದ್ಭುತಗಳ ರಾತ್ರಿ, ಬಾಲವಾಗಿದ್ದವರು ತಲೆಯಾಗುವ ವಾಗ್ದಾನ. ಅಡವಿಯಲ್ಲಿ ಯೇಸು ಬೇಡವೆಂದು ತಳ್ಳಿದ್ದನ್ನೇ ನಾವು ಶಾಮಿಯಾನದ ಕೆಳಗೆ ಆಶೀರ್ವಾದವೆಂದು ಹಂಚುತ್ತಿದ್ದೇವೆ, ಅದೂ ಸೈತಾನನನ್ನು ಓಡಿಸುವ ಕೂಟದಲ್ಲೇ.

ಶಿಖರದ ಮೇಲೆ ಸೈತಾನ ವಾಕ್ಯವನ್ನೂ ಎತ್ತಿ ಹೇಳುತ್ತಾನೆ, ಮತ್ತು ಅವನು ಆರಿಸಿಕೊಂಡದ್ದು 91ನೆಯ ಕೀರ್ತನೆ. ನಮ್ಮಲ್ಲಿ ಬಾಗಿಲ ಮೇಲೆ ಫ್ರೇಮ್ ಹಾಕಿಸುವುದು, ಆಟೋ ಗಾಜಿಗೆ ಅಂಟಿಸುವುದು, ಕೊರೊನಾ ಕಾಲದಲ್ಲಿ ವಾಟ್ಸಾಪಿನಲ್ಲಿ ಹರಿಯಬಿಟ್ಟದ್ದು, ಎಲ್ಲ ಅದೇ ಕೀರ್ತನೆ. ಕೀರ್ತನೆಯಲ್ಲಿ ದೋಷವಿಲ್ಲ. ದೇವರ ನೆರಳಿನಲ್ಲಿ ನೆಲೆ ಕಂಡವನ ಭರವಸೆ ಅದು. ಅದನ್ನೇ ತಾಯಿತ ಮಾಡಿಕೊಂಡು, ನಾನು ಓದಿದ್ದೇನೆ, ಇನ್ನು ನೀನು ಕಾಯಲೇಬೇಕು ಎಂದು ದೇವರಿಗೆ ಕಟ್ಟು ಹಾಕಲು ಹೊರಟರೆ ಅದು ಶಿಖರದ ಮೇಲೆ ಕೇಳಿಬಂದ ವ್ಯಾಖ್ಯಾನವೇ ಹೊರತು ಯೇಸುವಿನದಲ್ಲ. 2021ರ ಏಪ್ರಿಲ್-ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ಆ ಕೀರ್ತನೆ ಬಾಯಿಪಾಠವಿದ್ದ ಎಷ್ಟೋ ಸಭಾಪಾಲಕರು, ಗುರುಗಳು, ಸಿಸ್ಟರುಗಳು ತೀರಿಕೊಂಡರು. ಅವರಿಗೆ ವಿಶ್ವಾಸ ಸಾಲದೆ ಹೋಯಿತೆ? ಹಾಗೆನ್ನುವ ಎದೆಗಾರಿಕೆ ಇದ್ದವರು ಅವರ ಹೆಂಡತಿ-ಮಕ್ಕಳೆದುರು ನಿಂತು ಹೇಳಲಿ.

ಯೇಸು ಒಬ್ಬ ಮನುಷ್ಯನ ಮುಖ ನೋಡಿ ಸೈತಾನನೇ ಎಂದು ಗದರಿದ್ದು ಯಾವಾಗ ಎಂಬುದೂ ಗಮನಿಸಬೇಕಾದದ್ದು. ಎದುರಿಗಿದ್ದವನು ಮಾಟಗಾರನಲ್ಲ, ಅನ್ಯದೇವರ ಪೂಜಾರಿಯಲ್ಲ. ಪೇತ್ರ, ಶಿಷ್ಯರಲ್ಲಿ ಮೊದಲಿಗ. ಅವನು ಮಾಡಿದ ಅಪರಾಧವಾದರೂ ಏನು? ಕಷ್ಟ, ಮರಣ ನಿನಗೆ ಬೇಡ ಸ್ವಾಮಿ, ಹಾಗಾಗಬಾರದು ಎಂದದ್ದು. ವಿಶ್ವಾಸಿಗೆ ಕಷ್ಟವೇ ಬರಬಾರದು, ಬಂದರೆ ಅದು ಶಾಪ ಎಂದು ವಾರವಾರ ಸಾರುವ ವೇದಿಕೆಗಳು ಪೇತ್ರನ ಆ ಮಾತನ್ನೇ ಧ್ವನಿವರ್ಧಕ ಹಾಕಿ ಹೇಳುತ್ತಿವೆ.

ಈ ಯುದ್ಧೋತ್ಸಾಹಕ್ಕೆ ಆಧಾರವಾಗಿ ಎಲ್ಲರೂ ತೆರೆಯುವುದು ಎಫೆಸ ಪತ್ರಿಕೆಯ ಆರನೆಯ ಅಧ್ಯಾಯ, ದೇವರ ಸರ್ವಾಯುಧಗಳ ಭಾಗ. ಮಕ್ಕಳ ರಜಾ ಬೈಬಲ್ ಶಾಲೆಯಾದ ವಿಬಿಎಸ್‌ನಲ್ಲಿ ಮಕ್ಕಳು ರಟ್ಟಿನ ಶಿರಸ್ತ್ರಾಣ ಹಾಕಿಕೊಂಡು ಅಭಿನಯಿಸುವುದೂ ಅದನ್ನೇ. ಆದರೆ ಆರನೆಯ ಅಧ್ಯಾಯಕ್ಕೆ ಮುಂಚೆ ಐದು ಅಧ್ಯಾಯಗಳಿವೆ. ಸೈತಾನನಿಗೆ ಜಾಗ ಕೊಡಬೇಡಿ ಎಂಬ ಅರ್ಥದ ಮಾತು ಅದೇ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲೇ ಬಂದುಹೋಗಿರುತ್ತದೆ. ಅಲ್ಲಿ ಪೌಲ ಹೇಳುತ್ತಿರುವುದು ಸಿಟ್ಟಿನ ಬಗ್ಗೆ, ಸೂರ್ಯ ಮುಳುಗಿದರೂ ಇಳಿಯದ ಸಿಟ್ಟಿನ ಬಗ್ಗೆ. ಅದರ ಹಿಂದೆಮುಂದೆ ಸುಳ್ಳು, ಕಳ್ಳತನ, ಕೆಟ್ಟ ಬಾಯಿ, ಒಳಗೊಳಗೇ ಸಾಕಿಕೊಂಡ ದ್ವೇಷ. ಆಯುಧಗಳ ಪಟ್ಟಿಯೂ ಅಷ್ಟೇ: ನಡುಕಟ್ಟಾಗಿ ಸತ್ಯ, ಎದೆಕವಚವಾಗಿ ನೀತಿ, ಕಾಲಿಗೆ ಸಮಾಧಾನದ ಸುವಾರ್ತೆ, ಗುರಾಣಿಯಾಗಿ ನಂಬಿಕೆ. ಸುಳ್ಳು ಲೆಕ್ಕ ಬರೆದ ಸಭೆಯ ಖಜಾಂಚಿ ರಾತ್ರಿಯಿಡೀ ಜಾಗರಣೆ ಪ್ರಾರ್ಥನೆ ಮಾಡಿದರೂ ಪೌಲನ ಕಣ್ಣಿಗೆ ಅವನು ನಡುಕಟ್ಟೇ ಇಲ್ಲದ ಸಿಪಾಯಿ. ಇದನ್ನು ಬರೆದವನಾದರೂ ಬಂದಿಖಾನೆಯಲ್ಲಿ ಸಂಕೋಲೆ ತೊಟ್ಟು ಕುಳಿತವನು. ಪತ್ರಿಕೆಯ ಕೊನೆಯಲ್ಲಿ ತನಗಾಗಿ ಪ್ರಾರ್ಥಿಸಿ ಎಂದು ಕೇಳುತ್ತಾನೆ. ಸಂಕೋಲೆ ಕಳಚಲಿ ಎಂದಲ್ಲ, ಧೈರ್ಯವಾಗಿ ಮಾತಾಡುವಂತಾಗಲಿ ಎಂದು.

ಹಾಗಿದ್ದರೆ ಈಗಿನ ಈ ಬೋಧನೆ ಬಂದದ್ದೆಲ್ಲಿಂದ? ಅರ್ಧ ನಮ್ಮ ಮಣ್ಣಿನದೇ. ದೃಷ್ಟಿ, ಮಾಟ, ಭಾನಾಮತಿ, ಗಾಳಿ ಸೋಕುವುದು, ಇವುಗಳ ಭಯ ಸ್ನಾನದೀಕ್ಷೆಯ ನೀರಿನಲ್ಲಿ ತೊಳೆದುಹೋಗಲಿಲ್ಲ. ಮೆಣಸಿನಕಾಯಿ-ನಿಂಬೆಹಣ್ಣು ಹೋಗಿ ಎಣ್ಣೆಯ ಶೀಶೆ ಬಂತು, ಮಂತ್ರವಾದಿ ಹೋಗಿ ಅಭಿಷಿಕ್ತರು ಬಂದರು, ಭಯ ಮಾತ್ರ ಕುಳಿತಲ್ಲೇ ಕುಳಿತಿದೆ. ಇನ್ನರ್ಧ ಅಮೆರಿಕದ ಸರಕು. 1986ರಲ್ಲಿ ಫ್ರಾಂಕ್ ಪೆರೆಟ್ಟಿ ಎಂಬಾತ ಸಣ್ಣ ಪಟ್ಟಣವೊಂದರ ಮೇಲೆ ದೇವದೂತರೂ ದೆವ್ವಗಳೂ ಕತ್ತಿ ಹಿಡಿದು ಹೊಡೆದಾಡುವ ಕಾದಂಬರಿ ಬರೆದ. ಲಕ್ಷಗಟ್ಟಲೆ ಮಾರಾಟವಾಯಿತು, ಬಹಳ ಮಂದಿ ಅದು ಕಾದಂಬರಿಯೆಂಬುದನ್ನೇ ಮರೆತು ಓದಿದರು. ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯಲ್ಲಿ ಪಾಠ ಹೇಳುತ್ತಿದ್ದ ಪೀಟರ್ ವ್ಯಾಗ್ನರ್ 1990ರ ದಶಕದಲ್ಲಿ ಊರೂರಿಗೂ ಒಂದೊಂದು ಆಳುವ ದುರಾತ್ಮವಿದೆ, ಅದರ ನಕ್ಷೆ ಬರೆದು ಪ್ರಾರ್ಥಿಸಬೇಕು ಎಂಬ ವಾದವನ್ನು ಜನಪ್ರಿಯಗೊಳಿಸಿದರು. ಅದೇ ಹೊತ್ತಿಗೆ ಉತ್ತರ ಅಕ್ಷಾಂಶ 10ರಿಂದ 40 ಡಿಗ್ರಿಯ ನಡುವಿನ ಆಫ್ರಿಕಾ-ಏಷ್ಯಾದ ಭೂಭಾಗಕ್ಕೆ ‘ಹತ್ತು-ನಲವತ್ತರ ಕಿಟಕಿ’ ಎಂದು ಹೆಸರಿಟ್ಟು ಸೈತಾನನ ಕೋಟೆಯೆಂದು ತೋರಿಸಲಾಯಿತು. ಕರ್ನಾಟಕ ಪೂರ್ತಿಯಾಗಿ ಆ ಕಿಟಕಿಯೊಳಗಿದೆ. ಅಂದರೆ ನಮ್ಮ ಅಜ್ಜ-ಅಜ್ಜಿಯರು ಬಾಳಿದ ಊರುಗಳನ್ನು ಎಲ್ಲೋ ಕುಳಿತವರು ನಕ್ಷೆಯ ಮೇಲೆ ಕಪ್ಪು ಬಳಿದರು, ನಾವು ಆಮೆನ್ ಎಂದೆವು.

ಆ ನಕ್ಷೆಯ ಫಲ ಪಕ್ಕದ ಮನೆಯವರೆಗೆ ಬಂದಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಪಕ್ಕದ ಮನೆಯ ಅಕ್ಕ ತಂದುಕೊಟ್ಟ ಒಬ್ಬಟ್ಟನ್ನು ಅವರು ಬಾಗಿಲು ದಾಟಿದೊಡನೆ ಕಸದ ಬುಟ್ಟಿಗೆ ಹಾಕುವ ಮನೆಗಳಿವೆ. ಊರ ಜಾತ್ರೆಯ ದಿನ ಮಕ್ಕಳನ್ನು ಒಳಗೆ ಕೂಡಿಹಾಕಿ ದಾಳಿಯನ್ನು ತಡೆಯುವ ಪ್ರಾರ್ಥನೆ ನಡೆಯುತ್ತದೆ. ಕೊರಿಂಥದವರಿಗೆ ಇದೇ ಪ್ರಶ್ನೆ ಎದ್ದಾಗ, ಮೊದಲ ಪತ್ರಿಕೆಯ ಎಂಟರಿಂದ ಹತ್ತನೆಯ ಅಧ್ಯಾಯದವರೆಗೆ ಪೌಲ ಎಷ್ಟು ತಾಳ್ಮೆಯಿಂದ ಉತ್ತರಿಸುತ್ತಾನೆ ನೋಡಿ. ಅನ್ಯದೇವರ ಪಂಕ್ತಿಯಲ್ಲಿ ಪಾಲುಗೊಳ್ಳಬೇಡಿ ಎಂದು ಗಟ್ಟಿಯಾಗಿ ಹೇಳುತ್ತಾನೆ, ನಿಜ. ಅವನೇ, ನಂಬದವರೊಬ್ಬರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೆದಕದೆ ಉಣ್ಣಿ ಎಂದೂ ಹೇಳುತ್ತಾನೆ. ಇದು ನೈವೇದ್ಯದ್ದು ಎಂದು ಯಾರಾದರೂ ಹೇಳಿದರೆ ಮಾತ್ರ ಆ ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿ ಎನ್ನುತ್ತಾನೆ. ಅವನಿಗೆ ಚಿಂತೆ ಮನುಷ್ಯರದು. ನಮಗೆ ಒಬ್ಬಟ್ಟಿನದು. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯನ್ನು ಮುರಿಯಲು ಸೈತಾನ ಇದಕ್ಕಿಂತ ಅಗ್ಗದ ಉಪಾಯ ಹುಡುಕಬೇಕಾಗಿರಲಿಲ್ಲ.

ಎಲ್ಲಕ್ಕಿಂತ ಕ್ರೂರವಾದ ಫಲ ರೋಗಿಗಳ ಮನೆಯಲ್ಲಿದೆ, ಅದರಲ್ಲೂ ಮನಸ್ಸಿನ ರೋಗಿಗಳ ಮನೆಯಲ್ಲಿ. ಕಿವಿಯಲ್ಲಿ ದನಿ ಕೇಳುವ ಹುಡುಗ, ಹೆರಿಗೆಯ ನಂತರ ಖಿನ್ನತೆಗೆ ಬಿದ್ದ ತಾಯಿ, ಮೂರ್ಛೆರೋಗದ ಮಗು ಇವರೆಲ್ಲ ವೇದಿಕೆಯ ಮೇಲೆ ಸಾಕ್ಷಿಗಳಾಗುತ್ತಾರೆ. ಮಾತ್ರೆ ನಿಲ್ಲಿಸಿದ್ದೇನೆ ಎಂದು ಹೇಳಿಸಿ ಚಪ್ಪಾಳೆ ತಟ್ಟಿಸುತ್ತಾರೆ. ಒಂದೆರಡು ತಿಂಗಳಲ್ಲಿ ರೋಗ ಮರುಕಳಿಸಿದಾಗ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಆ ಮನೆ ಬಾಗಿಲಲ್ಲಿರುವುದಿಲ್ಲ. ನಿಮ್ಮಲ್ಲೇ ಏನೋ ಗುಪ್ತಪಾಪ ಇರಬೇಕು ಎಂಬ ಮಾತು ಮಾತ್ರ ಬಂದು ತಲುಪುತ್ತದೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೇನೆಂದರೆ, ಈ ದೇಶದಲ್ಲಿ ಬೇರೆಬೇರೆ ಮನೋರೋಗಗಳಿಗೆ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಹೆಚ್ಚುಕಡಿಮೆ ನೂರಕ್ಕೆ 70ಕ್ಕಿಂತ ಮೇಲೆ. ಹಾಗೂ ಹೀಗೂ ವೈದ್ಯರವರೆಗೆ ತಲುಪಿದ ಕೆಲವರನ್ನೂ ನಾವು ವಾಪಸು ಎಳೆದು ತರುತ್ತಿದ್ದೇವೆ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದಕ್ಕೆ ಜರ್ಮನಿಯ ಅನ್ನೆಲೀಸ್ ಮಿಷೆಲ್ ಸಾಕ್ಷಿ. ಬವೇರಿಯಾದ ಭಕ್ತ ಕಥೋಲಿಕ ಮನೆಯ ಹುಡುಗಿ, ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದವಳು. 1975ರಿಂದ ಹತ್ತು ತಿಂಗಳ ಕಾಲ ಬಿಷಪರ ಅನುಮತಿ ಪಡೆದ ಇಬ್ಬರು ಗುರುಗಳು ಅವಳ ಮೇಲೆ 67 ಸಲ ಭೂತೋಚ್ಚಾಟನೆ ನಡೆಸಿದರು. ಅವಳು ಊಟ ಬಿಟ್ಟಳು, ಮನೆಯವರು ವೈದ್ಯರ ಬಳಿ ಹೋಗುವುದನ್ನು ನಿಲ್ಲಿಸಿದರು. 1976ರ ಜುಲೈ 1ರಂದು, 23ನೆಯ ವಯಸ್ಸಿನಲ್ಲಿ, ಅನ್ನ-ನೀರಿಲ್ಲದೆ ಸವೆದು ಸತ್ತಾಗ ಅವಳ ತೂಕ ಮೂವತ್ತು ಕಿಲೋ ಆಸುಪಾಸಿನಲ್ಲಿತ್ತು. ತಂದೆತಾಯಿಯೂ ಆ ಇಬ್ಬರು ಗುರುಗಳೂ ನಿರ್ಲಕ್ಷ್ಯದಿಂದಾದ ಸಾವಿಗೆ ಹೊಣೆಗಾರರೆಂದು 1978ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅವರಲ್ಲಿ ಯಾರೂ ಕಟುಕರಲ್ಲ, ಎಲ್ಲರೂ ಪ್ರಾರ್ಥಿಸುವ ಜನ. ಭಯಪಡಬೇಕಾದದ್ದೇ ಅದಕ್ಕೆ. 1999ರಲ್ಲಿ ಹೊರಬಂದ ಕಥೋಲಿಕ ಸಭೆಯ ಪರಿಷ್ಕೃತ ವಿಧಿ, ರೋಗವನ್ನು ಪಿಶಾಚಬಾಧೆಯೆಂದು ಭ್ರಮಿಸಬೇಡಿ, ವೈದ್ಯಶಾಸ್ತ್ರ ಬಲ್ಲವರನ್ನು ಕೇಳಿ ಎಂದು ಗುರುಗಳನ್ನು ಎಚ್ಚರಿಸುತ್ತದೆ. ಕ್ಯಾನನ್ ಕಾನೂನಿನ 1172ನೆಯ ವಿಧಿಯ ಪ್ರಕಾರ ಬಿಷಪರ ಸ್ಪಷ್ಟ ಅಪ್ಪಣೆಯಿಲ್ಲದೆ ಯಾವ ಗುರುವೂ ಆ ಕೆಲಸಕ್ಕೆ ಕೈಹಾಕುವಂತಿಲ್ಲ. ನಮ್ಮ ಸ್ವತಂತ್ರ ಸಭೆಗಳಲ್ಲಿ ಇಷ್ಟು ಅಂಕುಶವೂ ಇಲ್ಲ. ಬಾಡಿಗೆ ಹಾಲ್, ಕೀಬೋರ್ಡ್, ಯೂಟ್ಯೂಬ್ ಚಾನೆಲ್ ಇದ್ದರೆ ಆಯಿತು.

ಇಲ್ಲಿ ನನಗೆ ಎಸೆಯುವ ಪ್ರಶ್ನೆ ಗೊತ್ತಿದೆ: ಮತ್ತಾಯ 17ರಲ್ಲಿ ಮೂರ್ಛೆರೋಗದ ಹುಡುಗನಿಂದ ಯೇಸು ದೆವ್ವವನ್ನೇ ಬಿಡಿಸಲಿಲ್ಲವೆ? ಬಿಡಿಸಿದರು. ಅವಿಶ್ವಾಸದ ಬಗ್ಗೆ ಅವರು ಗದರಿದ್ದು ಯಾರನ್ನು ಎಂಬುದನ್ನೂ ಓದಿ. ಬಿಡಿಸಲಾಗದೆ ನಿಂತ ಶಿಷ್ಯರಿಗೆ ನಿಮ್ಮ ನಂಬಿಕೆಯೇ ಕಡಿಮೆ ಎಂದರು. ರೋಗಿಯನ್ನಾಗಲಿ, ಮಾರ್ಕ ಹೇಳುವಂತೆ ನಂಬುತ್ತೇನೆ ಆದರೆ ನಂಬಿಕೆ ಸಾಲದು ಎಂದು ಅತ್ತ ತಂದೆಯನ್ನಾಗಲಿ ದೂರಲಿಲ್ಲ. ನಮ್ಮಲ್ಲಿ ತದ್ವಿರುದ್ಧ. ಅದೇ ಮತ್ತಾಯ ನಾಲ್ಕನೆಯ ಅಧ್ಯಾಯದಲ್ಲಿ ದೆವ್ವ ಹಿಡಿದವರು, ಮೂರ್ಛೆರೋಗಿಗಳು, ಪಾರ್ಶ್ವವಾಯುವಿನವರು ಎಂದು ಬೇರೆಬೇರೆಯಾಗಿ ಎಣಿಸುತ್ತಾನೆ. ಹುಟ್ಟುಕುರುಡನನ್ನು ಕಂಡು ಯಾರ ಪಾಪ ಇದು ಎಂದು ಶಿಷ್ಯರು ಕೇಳಿದಾಗ ಯಾರದ್ದೂ ಅಲ್ಲ ಎಂದರು ಯೇಸು. ತಿಮೊಥೆಯನ ಹೊಟ್ಟೆನೋವಿಗೆ ಪೌಲ ಗದರಿಕೆಯ ಪ್ರಾರ್ಥನೆ ಬರೆದು ಕಳಿಸಲಿಲ್ಲ, ಸ್ವಲ್ಪ ದ್ರಾಕ್ಷಾರಸ ಕುಡಿ ಎಂದ. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದ. ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ಸೈತಾನನ ದೂತ ಎಂದೇ ಕರೆದ ಅದೇ ಪೌಲ, ಮೂರು ಸಲ ಬೇಡಿದರೂ ಅದು ಹೋಗದಿದ್ದಾಗ, ಕೃಪೆ ಸಾಕು ಎಂಬ ಉತ್ತರದೊಂದಿಗೆ ಬದುಕಿದ. ಇನ್ನು ಯೋಬ. ಅವನ ಹುಣ್ಣುಗಳ ಹಿಂದೆ ಸೈತಾನನಿದ್ದದ್ದು ಓದುಗರಾದ ನಮಗೆ ಮೊದಲೆರಡು ಅಧ್ಯಾಯಗಳಲ್ಲೇ ತಿಳಿಯುತ್ತದೆ. ಹಾಗಿದ್ದೂ ನಲವತ್ತೆರಡು ಅಧ್ಯಾಯಗಳ ಆ ಪುಸ್ತಕದಲ್ಲಿ ಯೋಬ ಸೈತಾನನೊಡನೆ ಒಂದೇ ಒಂದು ಮಾತಾಡುವುದಿಲ್ಲ. ಅವನ ಅಳು, ಸಿಟ್ಟು, ವ್ಯಾಜ್ಯ ಎಲ್ಲ ದೇವರೊಡನೆ. ನಮ್ಮ ಕೂಟಗಳಲ್ಲಿ ಗಂಟೆಗಟ್ಟಲೆ ಸೈತಾನನನ್ನು ಮಾತಾಡಿಸಿ, ದೇವರಿಗೆ ಉಳಿಯುವುದು ಕಡೆಯ ಐದು ನಿಮಿಷ.

ನಿಜವಾದ ದಾಳಿ ಬಂದಾಗ ವಿಶ್ವಾಸ ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡಬೇಕಾದರೆ ಒಡಿಶಾಕ್ಕೆ ಹೋಗಬೇಕು. 1999ರ ಜನವರಿಯಲ್ಲಿ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳು ಮಲಗಿದ್ದ ವಾಹನಕ್ಕೆ ಗುಂಪೊಂದು ಬೆಂಕಿಯಿಟ್ಟಿತು. ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು, ಬಾರಿಪದದಲ್ಲೇ ಉಳಿದು ವರ್ಷಗಟ್ಟಲೆ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಆ ಘಳಿಗೆಯಲ್ಲಿ ಶತ್ರು ಅವರ ಮುಂದಿಟ್ಟ ಶೋಧನೆ ದ್ವೇಷ. ಅದನ್ನು ಅವರು ಒಳಗೆ ಬಿಟ್ಟುಕೊಳ್ಳಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ ನಮಗೂ ಅದೇ ಶೋಧನೆ ಬಂದಿತ್ತು. ಕಾನೂನಿನ ಮುಂದೆ ನ್ಯಾಯ ಕೇಳುವುದು ಬೇರೆ, ನೆರೆಯ ಊರನ್ನೇ ಸೈತಾನನ ಊರೆಂದು ಮನಸ್ಸಿನಲ್ಲಿ ಬರೆದುಕೊಳ್ಳುವುದು ಬೇರೆ. ಎರಡನೆಯದನ್ನು ನಮ್ಮಲ್ಲಿ ಎಷ್ಟೋ ಜನ ಮಾಡಿಕೊಂಡಿದ್ದೇವೆ, ಅದನ್ನೇ ವಿಶ್ವಾಸದ ದೃಢತೆ ಎಂದೂ ಕರೆಯುತ್ತಿದ್ದೇವೆ.

ಹಿಂದಿನವರಿಗೆ ಶೋಧನೆಯನ್ನು ಗುರುತಿಸುವ ಈ ವಿದ್ಯೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬದುಕಿ 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಎಂಬ ಸನ್ಯಾಸಿ, ಕೆಡುಕು ಮನುಷ್ಯನನ್ನು ಮುಟ್ಟುವ ಎಂಟು ಯೋಚನೆಗಳನ್ನು ಪಟ್ಟಿಮಾಡಿದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಹಂಬಲ, ಗರ್ವ. ದೆವ್ವಗಳನ್ನು ಅವನೂ ನಂಬಿದ್ದ, ನಮಗಿಂತ ಹೆಚ್ಚೇ ನಂಬಿದ್ದ. ಆದರೆ ಅವು ಯೋಚನೆಯ ರೂಪದಲ್ಲಿ ಬರುತ್ತವೆಂದು ಕಂಡುಕೊಂಡಿದ್ದ. ಬೇಸರದ ಬಗ್ಗೆ ಅವನು ಬರೆದದ್ದನ್ನು ಓದಿದರೆ ನಗು ಬರುತ್ತದೆ: ಮಧ್ಯಾಹ್ನದ ಹೊತ್ತು, ಸೂರ್ಯ ಅಲುಗುವಂತಿಲ್ಲ, ದಿನಕ್ಕೆ ಐವತ್ತು ಗಂಟೆಯಿರುವಂತೆ ಕಾಣುತ್ತದೆ, ಸನ್ಯಾಸಿ ಯಾರಾದರೂ ಬರುತ್ತಾರೋ ಎಂದು ಕಿಟಕಿಯಲ್ಲಿ ಇಣುಕುತ್ತಾನೆ, ಈ ಜಾಗ ಸರಿಯಿಲ್ಲ, ಇಲ್ಲಿನವರಿಗೆ ಪ್ರೀತಿಯಿಲ್ಲ, ಬೇರೆಡೆ ಹೋದರೆ ದೇವರು ಸುಲಭವಾಗಿ ಸಿಗುತ್ತಾನೆ ಎಂದುಕೊಳ್ಳುತ್ತಾನೆ. ವರ್ಷಕ್ಕೊಂದು ಸಭೆ ಬದಲಿಸುವ ನಮ್ಮ ವಿಶ್ವಾಸಿಗಳ ಚಿತ್ರ ಇದಕ್ಕಿಂತ ನಿಖರವಾಗಿ ಯಾರೂ ಬರೆದಿಲ್ಲ. ಅವನು ಕೊಡುವ ಮದ್ದೂ ಮಾಮೂಲಿ: ಕುಳಿತಲ್ಲಿಂದ ಏಳಬೇಡ. ಸಾವಿರ ವರ್ಷಗಳಾಚೆ ಯೇಸುಸಭೆ ಕಟ್ಟಿದ ಇಗ್ನೇಷಿಯಸ್ ಲೊಯೋಲ ಇದನ್ನೇ ಮುಂದುವರಿಸಿ, ಮನಸ್ಸು ಬರಡಾದಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡ ಎಂದ. ಶತ್ರುವಿಗೆ ಗುಟ್ಟು ಬೇಕು, ಅನುಭವಸ್ಥ ಗುರುವಿನೆದುರು ನಿನ್ನ ಶೋಧನೆಯನ್ನು ಬಾಯಿಬಿಟ್ಟು ಹೇಳಿದರೆ ಅವನ ಅರ್ಧ ಬಲ ಉಡುಗುತ್ತದೆ ಎಂದೂ ಹೇಳಿದ. ಯಾಕೋಬನ ಪತ್ರಿಕೆಯೂ ಶೋಧನೆಯ ಬೇರನ್ನು ಅವರವರ ಸ್ವಂತ ಆಸೆಯಲ್ಲೇ ತೋರಿಸುತ್ತದೆ, ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿಕೊಳ್ಳಿರಿ ಎನ್ನುತ್ತದೆ. ಎಣ್ಣೆಯ ಮಾತೂ ಅಲ್ಲೇ ಇದೆ, ಐದನೆಯ ಅಧ್ಯಾಯದಲ್ಲಿ. ರೋಗಿ ಕರೆಕಳಿಸುತ್ತಾನೆ, ಸಭೆಯ ಹಿರಿಯರು ಅವನಿದ್ದಲ್ಲಿಗೆ ಬರುತ್ತಾರೆ. ವೇದಿಕೆಯಿಲ್ಲ, ಕ್ಯಾಮೆರಾ ಇಲ್ಲ, ಶೀಶೆಗೆ ಬೆಲೆಯೂ ಇಲ್ಲ.

ಈಗ ತೆರೆದಿರುವ ಬಾಗಿಲಿನ ವಿಷಯಕ್ಕೆ ಬರೋಣ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಹಾಡಿ ಮುಗಿಸಿ, ಮಗಳಿಗೆ ವರ ಹುಡುಕುವಾಗ ಅವರು ಮೊದಲು ಯಾವ ಜನ ಎಂದು ಮೆಲ್ಲಗೆ ಕೇಳುವ ಮನೆಗಳು ಎಷ್ಟಿಲ್ಲ? ವರದಕ್ಷಿಣೆ ಎನ್ನದೆ ‘ಹುಡುಗಿಗೆ ನೀವು ಏನು ಹಾಕ್ತೀರೋ ಹಾಕಿ’ ಎನ್ನುವ ವಿಶ್ವಾಸಿ ಬೀಗರು? ಚರ್ಚಿನ ಜಮೀನಿಗಾಗಿ, ಸಮಿತಿಯ ಕುರ್ಚಿಗಾಗಿ ಒಂದೇ ಸಭೆಯ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿಳಿಯುವುದನ್ನು ನೋಡದ ಊರಿದೆಯೆ? ಅನ್ಯಾಯವನ್ನಾದರೂ ಸಹಿಸಿಕೊಳ್ಳಬಾರದೆ ಎಂದು ಕೊರಿಂಥದವರನ್ನು ಪೌಲ ಕೇಳಿದ್ದು ಇಂಥದಕ್ಕೇ. ಇವುಗಳ ಮೇಲೆ ಒಂದು ರಾತ್ರಿಯ ಉಪವಾಸ ಕೂಟ ನಡೆದದ್ದನ್ನು ನಾನು ಕಂಡಿಲ್ಲ. ಸೈತಾನನ ಹೆಸರು ಇಲ್ಲೇಕೆ ಯಾರ ಬಾಯಲ್ಲೂ ಬರುವುದಿಲ್ಲ? ಬಂದರೆ ಕೈಬೆರಳು ನಮ್ಮ ಕಡೆಗೇ ತಿರುಗುತ್ತದೆ. ಕಾಲು ಮುರಿದದ್ದಕ್ಕೆ ಅವನನ್ನು ಬೈದರೆ ಯಾರೂ ಏನೂ ಬಿಡಬೇಕಾಗುವುದಿಲ್ಲ. ಜಾತಿಯಲ್ಲಿ, ಜಮೀನಿನಲ್ಲಿ ಅವನನ್ನು ಗುರುತಿಸಿದರೆ ಜಾತಿಯನ್ನೂ ಜಮೀನನ್ನೂ ಬಿಡಬೇಕಾಗುತ್ತದೆ.

ಸಭೆಯ ಹಿರಿಯರಲ್ಲಿ, ಪಾಸ್ಟರಮ್ಮಂದಿರಲ್ಲಿ, ಸಿಸ್ಟರುಗಳಲ್ಲಿ ನನ್ನದೊಂದು ಕೋರಿಕೆ. ರೋಗಿಯ ಮನೆಗೆ ಹೋಗಿ, ಕೈ ಹಿಡಿದು ಪ್ರಾರ್ಥಿಸಿ, ಪ್ರಾರ್ಥಿಸಿದ ಮೇಲೆ ಮಾತ್ರೆ ನುಂಗಿದಿರಾ ಎಂದು ಕೇಳಿ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿದ ಮಾದರಿಯ ಮೇಲೆಯೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲೆಲ್ಲ ಬಂದಿದೆ. ಜಿಲ್ಲಾಸ್ಪತ್ರೆಗೆ ಜೊತೆಯಲ್ಲಿ ಹೋಗಿ ಬನ್ನಿ. ಅಷ್ಟು ದೂರ ಆಗದಿದ್ದರೆ ಟೆಲಿಮಾನಸ್ ಸಹಾಯವಾಣಿಯ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲವೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೆಯ ಕಲಮು ಹೇಳುತ್ತದೆಂಬುದನ್ನು ನಿಮ್ಮ ಸಭೆಯ ಹಲಗೆಯ ಮೇಲೆ ಬರೆದು ಹಾಕಿ. ಇನ್ನು ನಿಮ್ಮ ವೇದಿಕೆಯ ಮೇಲೆ ನಿಂತು ಮಾತ್ರೆ ಬಿಡು, ವಿಶ್ವಾಸವಿದ್ದರೆ ಸಾಕು ಎನ್ನುವವನು ಎಷ್ಟೇ ದೊಡ್ಡ ಅಭಿಷಿಕ್ತನಾಗಿರಲಿ, ಆ ಮಾತು ಮುಗಿಯುವ ಮೊದಲೇ ಅವನ ಕೈಯಿಂದ ಮೈಕ್ ತೆಗೆದುಕೊಳ್ಳಿ.